ಕೆಮ್ಮು ಹೇಳಿಕೊಡುವ ಅಕ್ಕ

ಕೆಮ್ಮುವುದನ್ನೂ ಯಾರಾದರೂ ಹೇಳಿಕೊಡುತ್ತಾರೆಯೇ ಎಂದು ನೀವು ಮೂಗು ಮುರಿಯಬಹುದು. ಮುರಿಯಿರಿ, ಬೇಡವೆಂದವರು ಯಾರು? ಆ ಕೆಲಸ ಸಿಕ್ಕಿದ ದಿನ ಅವಳ ಗಂಡನೇ ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತಿ, “ಕೆಮ್ಮೋದಕ್ಕೂ ಸಂಬಳ ಕೊಡ್ತಾರೇನೇ?” ಎಂದು ಕೇಳಿದ್ದ. “ಕೆಮ್ಮೋದಕ್ಕಲ್ಲ ರೀ, ಕೆಮ್ಮಿಸೋದಕ್ಕೆ,” ಎಂದು ಅವಳು ತಿದ್ದಿದ್ದಳು.

ಕ್ಷಯದ ಆಸ್ಪತ್ರೆಯ ಕಾಗದಪತ್ರಗಳಲ್ಲಿ ಅವಳ ಹುದ್ದೆಗೆ ಉದ್ದನೆಯ ಹೆಸರೊಂದಿದೆ. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟು ಉಸಿರು ಅಲ್ಲಿಗೆ ಬರುವ ರೋಗಿಗಳಿಗೆ ಇರುವುದಿಲ್ಲ. ಹಾಗಾಗಿ ಎಲ್ಲರಿಗೂ ಅವಳು ಕೆಮ್ಮಕ್ಕ. ಮೊದಮೊದಲು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಶುರುವಾಯಿತು, ಈಗ ಡಾಕ್ಟರಮ್ಮನೂ ಹಾಗೇ ಕರೆಯುತ್ತಾರೆ. ಅವಳಿಗೆ ಅದರಿಂದ ಬೇಸರವಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೇ ಇದೆ.

ಅವಳು ಕೆಲಸ ಮಾಡುವ ಜಾಗ ಆಸ್ಪತ್ರೆಯ ಹಿತ್ತಲು. ಸುತ್ತ ಗೋಡೆಯಿಲ್ಲದ, ಮೇಲೆ ತಗಡು ಹೊದಿಸಿದ ಚಪ್ಪರ. ಒಂದು ಸ್ಟೂಲು, ಒಂದು ನಲ್ಲಿ, ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳು. ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ನೋಡಿ, ಅದು ಹೋಗುವ ದಿಕ್ಕಿಗೆ ಮುಖ ಮಾಡಿಸಿ ರೋಗಿಯನ್ನು ಕೂರಿಸುತ್ತಾಳೆ. ತಾನು ಮಾಸ್ಕ್ ಬಿಗಿದುಕೊಂಡು ಅವನ ಬೆನ್ನ ಹಿಂದೆ ನಿಲ್ಲುತ್ತಾಳೆ. ಆಮೇಲೆ ಪಾಠ.

“ಬಾಯಿ ಮುಕ್ಕಳಿಸಿ. ಹ್ಞಾಂ. ಈಗ ಉಸಿರು ಒಳಗೆ ಎಳ್ಕೊಳ್ಳಿ. ಉಬ್ಬಬೇಕಾದ್ದು ಹೊಟ್ಟೆ, ಭುಜ ಅಲ್ಲ. ಹಿಡ್ಕೊಳ್ಳಿ. ಬಿಡಿ. ಇನ್ನೊಂದ್ಸಲ. ಈಗ ಕೆಮ್ಮಿ. ಅಯ್ಯೋ, ಅದು ಕೆಮ್ಮಲ್ಲ ಸ್ವಾಮಿ, ಭಾಷಣಕ್ಕೆ ಮುಂಚೆ ಗಂಟಲು ಸರಿ ಮಾಡ್ಕೊಂಡ ಹಾಗಾಯ್ತು. ಹೊಟ್ಟೆಯಿಂದ ಬರ್ಲಿ.”

ಜನ ಡಬ್ಬಿಗೆ ಉಗಿಯುವುದು ಹೆಚ್ಚಾಗಿ ಎಂಜಲು. ಎಂಜಲು ತೆಳ್ಳಗೆ, ನೊರೆನೊರೆಯಾಗಿ ಇರುತ್ತದೆ. ಅದರಲ್ಲಿ ಏನನ್ನು ಹುಡುಕಿದರೂ ಸಿಗುವುದಿಲ್ಲ. ಕಫ ಬೇರೆ. ಅದು ಎದೆಯ ತಳದಿಂದ ಬರಬೇಕು, ಗಟ್ಟಿಯಾಗಿರಬೇಕು, ಡಬ್ಬಿ ಓರೆ ಮಾಡಿದರೆ ಸೋಮಾರಿಯಂತೆ ನಿಧಾನಕ್ಕೆ ಜರುಗಬೇಕು. ಊಟದ ಹೊತ್ತಿನಲ್ಲಿ ಇದನ್ನು ಓದುತ್ತಿದ್ದೀರಾದರೆ ಕ್ಷಮಿಸಿ. ಅವಳು ಊಟದ ಹೊತ್ತಿನಲ್ಲೂ ಇದನ್ನೇ ಮಾತಾಡುತ್ತಾಳೆ. ಅವಳ ಗಂಡ ತಟ್ಟೆ ಎತ್ತಿಕೊಂಡು ಬಾಗಿಲ ಹೊರಗೆ ಹೋಗಿ ಕೂತದ್ದೂ ಉಂಟು.

ಈ ಕೆಲಸಕ್ಕೆ ಇಷ್ಟು ಬೆಲೆ ಬಂದದ್ದು ಆಸ್ಪತ್ರೆಯಲ್ಲಿ ಹೊಸ ಔಷಧಿಯ ಪರೀಕ್ಷೆ ಶುರುವಾದ ಮೇಲೆ. ಹಳೆಯ ಮಾತ್ರೆಗಳಿಗೆ ಜಪ್ಪಯ್ಯ ಅಂದರೂ ಬಗ್ಗದ ಒಂದು ಜಾತಿಯ ಕ್ಷಯವಿದೆ. ಅದಕ್ಕಾಗಿ ಎಲ್ಲೋ ದೂರದಲ್ಲಿ ಓದಿದವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಹೊಸ ಮಾತ್ರೆ ಮಾಡಿದ್ದಾರೆ. ಅರ್ಧ ವರ್ಷ ನುಂಗಿದರೆ ಮುಗಿಯಿತು, ಒಂದು ಸೂಜಿಯೂ ಇಲ್ಲ. ಆದರೆ ಆ ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಎಂದು ಹೇಳಬೇಕಾದ್ದು ರೋಗಿಯ ಕಫ. ಮಾತ್ರೆ ಮುಗಿದ ಮೇಲೂ ಒಂದು ವರ್ಷ ಆಗಾಗ ಕರೆಸಿ, ಕೆಮ್ಮಿಸಿ, ಅದರಲ್ಲಿ ಜೀವಂತ ಕ್ರಿಮಿ ಬೆಳೆಯುತ್ತದೆಯೇ ಎಂದು ಲ್ಯಾಬಿನಲ್ಲಿ ನೋಡುತ್ತಾರೆ. ಡಬ್ಬಿಯಲ್ಲಿ ಎಂಜಲಿದ್ದರೆ ಅಷ್ಟೂ ಜನರ ಅಷ್ಟೂ ವರ್ಷದ ಶ್ರಮ ನೀರಿನಲ್ಲಿ ಹೋಮ. ಇದು ಗೊತ್ತಾದಂದಿನಿಂದ ಕೆಮ್ಮಕ್ಕನ ನಡಿಗೆಯೇ ಬದಲಾಯಿತು. ಡಬ್ಬಿಗಳ ತಟ್ಟೆ ಹಿಡಿದು ವರಾಂಡದಲ್ಲಿ ಬಂದಳೆಂದರೆ ಎದುರಿಗೆ ಬಂದವರು ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕು.

ಆ ಮಾತ್ರೆಯ ಮೇಲೆ ಅವಳಿಗೆ ಇದ್ದ ಪ್ರೀತಿಗೆ ಇನ್ನೊಂದು ಕಾರಣವಿತ್ತು. ಹರೆಯದಲ್ಲಿ ಅವಳಿಗೇ ಆ ರೋಗ ಬಂದಿತ್ತು. ಆಗ ಇದ್ದದ್ದು ಸೂಜಿ. ದಿನಾ ಸೂಜಿ, ತಿಂಗಳುಗಟ್ಟಲೆ ಸೂಜಿ. ಕೂರಲು ಆಗದೆ, ಮಲಗಲು ಆಗದೆ, ಗೋಡೆಗೆ ಕೈಯೂರಿ ನಿಂತೇ ದಿನ ತಳ್ಳಿದ್ದಳು. ಎದೆ ವಾಸಿಯಾಯಿತು. ಎಡಗಿವಿ ಹೋಯಿತು. ಮೊದಲು ಒಂದು ಸಣ್ಣ ಶಿಳ್ಳೆ ಕೇಳಿಸುತ್ತಿತ್ತು, ಆಮೇಲೆ ಅದೂ ಇಲ್ಲ. ಅಂದಿನಿಂದ ಅವಳ ಗಂಡ ರಸ್ತೆಯಲ್ಲಿ ಅವಳ ಬಲಗಡೆಗೇ ನಡೆಯುತ್ತಾನೆ. ಜಗಳವಾದ ದಿನ ಮಾತ್ರ ಎಡಗಡೆಗೆ ಹೋಗಿ ತನ್ನ ಪಾಡಿಗೆ ತಾನು ಗೊಣಗಿಕೊಳ್ಳುತ್ತಾನೆ.

ಈಗ ಕಡ್ಡಿಯ ವಿಷಯಕ್ಕೆ ಬರೋಣ. ಕಡ್ಡಿ ಎಂದರೆ ಊರಿನ ದೊಡ್ಡ ಬೇಕರಿಯಲ್ಲಿ ಹಿಟ್ಟು ನಾದುವವನು. ಹೊಸ ಮಾತ್ರೆಯ ಪರೀಕ್ಷೆಗೆಂದು ಸೇರಿದಾಗ ಅಂಗಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವಂತಿದ್ದ, ಹಾಗಾಗಿ ಆ ಹೆಸರು. ಅರ್ಧ ವರ್ಷ ಮಾತ್ರೆ ನುಂಗಿದ. ಎರಡನೇ ತಿಂಗಳಿಗೆ ಹಸಿವು ಬಂತು, ನಾಲ್ಕನೇ ತಿಂಗಳಿಗೆ ಕೆನ್ನೆ ಬಂತು, ಕೊನೆಗೆ ಸಣ್ಣದೊಂದು ಹೊಟ್ಟೆಯೂ ಬಂತು. ಹೆಸರು ಮಾತ್ರ ಹಾಗೇ ಉಳಿಯಿತು. ಈ ಹಂತದಲ್ಲೇ ಕೆಮ್ಮಕ್ಕನ ಕಷ್ಟ ಹೆಚ್ಚುವುದು. ಮಾತ್ರೆ ಕೆಲಸ ಮಾಡಿದಷ್ಟೂ ಕಫ ಕಡಿಮೆ. ಎದೆ ಒಣಗಿದವನಿಂದ ಏನನ್ನು ಕೆಮ್ಮಿಸುವುದು? ಆದರೂ ಅವಳು ಬಿಡುವವಳಲ್ಲ. ಕಡ್ಡಿ ವಿಧೇಯ ವಿದ್ಯಾರ್ಥಿ. ಅವಳು ಹೇಳಿದಂತೆಲ್ಲ ಉಸಿರೆಳೆದು, ಮುಖ ಕೆಂಪಗೆ ಮಾಡಿಕೊಂಡು, ಪ್ರತಿ ಸಲವೂ ಹೇಗೋ ಒಂದಿಷ್ಟು ಕೊಡುತ್ತಿದ್ದ. ಕೊಟ್ಟ ಮೇಲೆ, “ಸಾಕಾ ಅಕ್ಕಾ?” ಎಂದು ಅವಳ ಮುಖ ನೋಡುತ್ತಿದ್ದ.

ವರ್ಷದ ಕೊನೆಯ ಡಬ್ಬಿಯ ದಿನ ಹಿತ್ತಲಲ್ಲಿ ಹೊಸ ರೋಗಿಗಳ ದೊಡ್ಡ ಸಾಲಿತ್ತು. ಕಡ್ಡಿ ಎಷ್ಟು ಕೆಮ್ಮಿದರೂ ಬರೀ ಗಾಳಿ.

“ಡಬ್ಬಿ ಕೊಡಿ ಅಕ್ಕಾ. ನಾಳೆ ಬೆಳಿಗ್ಗೆ ಎದ್ದ ತಕ್ಷಣ ಮನೇಲೇ ಕೆಮ್ಮಿ ತರ್ತೀನಿ,” ಎಂದ.

ಪರೀಕ್ಷೆಯಲ್ಲಿರುವವರು ಅವಳ ಕಣ್ಣೆದುರಿಗೇ ಕೆಮ್ಮಬೇಕು ಎನ್ನುವುದು ನಿಯಮ. ಆದರೆ ಸಾಲಿನಲ್ಲಿದ್ದ ಒಬ್ಬ ಹೆಂಗಸು ಕೆಮ್ಮಿ ಕೆಮ್ಮಿ ಬವಳಿ ಬಂದು ಕೂತುಬಿಟ್ಟಿದ್ದಳು, ಮೇಲಾಗಿ ಇವನು ಕಡ್ಡಿ, ತನ್ನವನು. ಕೊಟ್ಟು ಕಳಿಸಿದಳು. ಮರುದಿನ ಅವನು ತಂದ ಡಬ್ಬಿ ನೋಡಿ ಅವಳ ಕಣ್ಣು ಅರಳಿತು. ಗಟ್ಟಿ, ಹಳದಿ, ಓರೆ ಮಾಡಿದರೆ ಜರುಗಲು ಒಲ್ಲದ್ದು. “ಭೇಷ್,” ಎಂದು ಅವನ ಬೆನ್ನು ತಟ್ಟಿದಳು. ಲ್ಯಾಬಿನವಳೂ ಬೆಳಕಿಗೆ ಹಿಡಿದು ನೋಡಿ, “ಇಂಥದ್ದು ಕಂಡು ಎಷ್ಟು ದಿನ ಆಗಿತ್ತು,” ಎಂದಳು. ಅಷ್ಟು ಚೆನ್ನಾಗಿರುವುದು ಯಾಕೆ ಎಂದು ಇಬ್ಬರೂ ಯೋಚಿಸಲಿಲ್ಲ.

ಕೆಲವು ವಾರಗಳ ಮೇಲೆ ಡಾಕ್ಟರಮ್ಮ ಅವಳನ್ನು ತಮ್ಮ ಕೋಣೆಗೆ ಕರೆಸಿ ಬಾಗಿಲು ಹಾಕಿಕೊಂಡರು.

“ಅಕ್ಕಾ, ಕಡ್ಡಿ ಡಬ್ಬೀಲಿ ಕ್ರಿಮಿ ಇದೆ. ಒಂದೆರಡಲ್ಲ, ರಾಶಿ.”

“ಅವನು ಚೆನ್ನಾಗಿದ್ದಾನಲ್ಲಾ ಡಾಕ್ಟ್ರೇ. ಮೆಟ್ಟಿಲು ಓಡ್ಕೊಂಡು ಹತ್ತುತ್ತಾನೆ.”

“ಎಕ್ಸ್‌ರೇನೂ ಚೆನ್ನಾಗಿದೆ. ಅದೇ ನನಗೂ ಅರ್ಥ ಆಗ್ತಾ ಇಲ್ಲ. ಆದರೆ ರೋಗ ತಿರುಗಿ ಬಂದಿರೋದು ನಿಜ ಆದ್ರೆ, ಹೊಸ ಮಾತ್ರೆ ಅವನಿಗೆ ಸೋತಿದೆ ಅಂತಾನೇ ಲೆಕ್ಕ. ಅವನಿಗೆ ಹಳೇ ಸೂಜಿನೇ ಗತಿ. ಮೇಲಿನ ಸಮಿತಿಯವರು ಇದು ಇತ್ಯರ್ಥ ಆಗೋವರೆಗೂ ಹೊಸಬರಿಗೆ ಮಾತ್ರೆ ಶುರು ಮಾಡಬೇಡಿ ಅಂದಿದ್ದಾರೆ.” ಡಾಕ್ಟರಮ್ಮ ಅವಳ ಕಡೆ ಬಾಗಿ ಕೇಳಿದರು. “ಅವನು ಕೆಮ್ಮಿದ್ದನ್ನ ನೀವು ನೋಡಿದ್ರಿ ತಾನೇ?”

“ಇಲ್ಲ. ಮನೆಗೆ ಕೊಟ್ಟು ಕಳಿಸಿದ್ದೆ.”

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡು, “ಹೋಗಿ ವಿಚಾರಿಸಿ ಬನ್ನಿ,” ಎಂದರು ಅಷ್ಟೇ. ನಾಚಿಕೆಯಿಂದ ಅವಳ ಮುಖ ಸುಟ್ಟ ಹಾಗಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಕಡ್ಡಿಯ ಕಿವಿಗಳು ಅವಳ ಕಣ್ಣ ಮುಂದೆ ಬಂದವು. ಸ್ವಲ್ಪ ಅಗಲವಾದ, ಹಿಟ್ಟು ಮೆತ್ತಿದ ಕಿವಿಗಳು.

ಬೇಕರಿ ಇದ್ದದ್ದು ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ. ಮುಂದೆ ಅಂಗಡಿ, ಹಿಂದೆ ಭಟ್ಟಿ, ಅದರಾಚೆ ಸೌದೆ ಒಟ್ಟಿದ ಅಂಗಳ. ಅವಳು ಅಂಗಳದ ಬಾಗಿಲಿಗೆ ಬಂದಾಗ ಒಳಗೆ ಯಾರೋ ಕೆಮ್ಮಿದರು. ಅವಳು ಅಲ್ಲೇ ನಿಂತಳು. ಬಲಗಿವಿಯನ್ನು ಆ ಕಡೆ ತಿರುಗಿಸಿದಳು. ಮತ್ತೆ ಕೆಮ್ಮು. ಹೊಟ್ಟೆಯಿಂದ ಎದ್ದು, ಎದೆಯಲ್ಲಿ ಗೊರಗೊರ ಎಂದು, ಕೊನೆಗೆ ಏನನ್ನೋ ಕಿತ್ತು ತರುವ ಕೆಮ್ಮು. ಯಾರೂ ಕಲಿಸದೆ ಬಂದ, ಒಂದು ತಪ್ಪೂ ಇಲ್ಲದ ಕೆಮ್ಮು. ಆ ಡಬ್ಬಿಯಲ್ಲಿದ್ದದ್ದು ಯಾರದೆಂದು ಅವಳಿಗೆ ಅನುಮಾನ ಉಳಿಯಲಿಲ್ಲ. ಮಾಸ್ಕ್ ಬಿಗಿದುಕೊಂಡು ಒಳಗೆ ಹೋದಳು.

ಕೆಮ್ಮುತ್ತಿದ್ದವರು ಕಡ್ಡಿಯ ಸೋದರಮಾವ. ಭಟ್ಟಿ ನೋಡಿಕೊಳ್ಳುವವರು, ಕಡ್ಡಿಯನ್ನು ಚಿಕ್ಕಂದಿನಿಂದ ಸಾಕಿದವರು, ಇಡೀ ಬೇಕರಿಗೆ ಭಟ್ಟಿ ಮಾವ. ಕಡ್ಡಿಗೆ ರೋಗ ಬಂದಾಗ ಮನೆಯವರೆಲ್ಲರನ್ನೂ ಪರೀಕ್ಷೆಗೆ ಕರೆದಿದ್ದರು. ಈ ಮನುಷ್ಯ ತಾನು ಮಲಗುವುದು ಬೇಕರಿಯಲ್ಲಿ, ಮನೆಯಲ್ಲಲ್ಲ ಎಂದು ಹೇಳಿ ಜಾರಿಕೊಂಡಿದ್ದರು.

ಅವಳು ಕಡ್ಡಿಯನ್ನು ಅಂಗಳಕ್ಕೆ ಕರೆದು ನೇರವಾಗಿ ಕೇಳಿದಳು. ಅವನು ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದ್ದೇನಿದೆ ಎನ್ನುವುದೇ ಅವನಿಗೆ ಹೊಳೆದಿರಲಿಲ್ಲ.

“ಬೆಳಿಗ್ಗೆ ಎದ್ದು ನೀವು ಹೇಳ್ದ ಹಾಗೇ ಎಲ್ಲಾ ಮಾಡ್ದೆ ಅಕ್ಕಾ. ಬರೀ ಎಂಜಲು ಬಂತು. ಎಂಜಲು ತಂದ್ರೆ ನಿಮ್ಮ ಮುಖ ಹೇಗಾಗುತ್ತೆ ಅಂತ ಗೊತ್ತಲ್ಲ ನಂಗೆ. ಡಬ್ಬಿ ಹಿಡ್ಕೊಂಡು ಬೇಕರಿಗೆ ಬಂದ್ರೆ ಮಾವ ಕೆಮ್ತಾ ಇದ್ರು. ಅವರಿಗೆ ಬೇಕಾದಷ್ಟು ಬರುತ್ತೆ. ಹಿಟ್ಟಿನ ಕೆಮ್ಮು ತಾನೇ, ಅದರಲ್ಲೇನಿರುತ್ತೆ ಅಂತ...”

“ಅಂತ?”

“ಸ್ವಲ್ಪ ಕೊಡಿ ಮಾವ ಅಂದೆ. ಕೊಟ್ರು.”

ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಕೇಳಿ ತಂದವನ ಹಾಗೆ ಹೇಳಿದ. ಕೆಮ್ಮಕ್ಕನಿಗೆ ನಗು ಬಂತು, ಅಳು ಬಂತು, ಅವನ ಕಪಾಳಕ್ಕೆ ಎರಡು ಬಿಡಬೇಕು ಎಂದೂ ಅನ್ನಿಸಿತು. ಮೂರನ್ನೂ ಮಾಸ್ಕಿನೊಳಗೇ ಇಟ್ಟುಕೊಂಡು, ಅವನು ಕೊಟ್ಟ ಒಂದು ಡಬ್ಬಿಯಿಂದ ಏನೇನಾಗಿದೆ ಎಂದು ವಿವರಿಸಿದಳು. ಕಡ್ಡಿ ಸೌದೆಯ ಮೇಲೆ ಕುಸಿದು ಕೂತ. ಮೊದಲು ಅವನ ಬಾಯಿಂದ ಬಂದದ್ದು, “ಹಾಗಾದ್ರೆ ಮಾವನಿಗೆ ಕ್ಷಯ ಇದೆಯಾ?” ಎನ್ನುವ ಮಾತು. ತನ್ನ ಸೂಜಿಯ ಬಗ್ಗೆ ಆಮೇಲೆ ಕೇಳಿದ. ಅದಕ್ಕೇ ಅವಳಿಗೆ ಅವನೆಂದರೆ ಜೀವ.

ಮಾವ ಮಾತ್ರ ಸುತರಾಂ ಒಪ್ಪಲಿಲ್ಲ. “ನಂಗೆ ಯಾವ ಕ್ಷಯಾನೂ ಇಲ್ಲ. ಹಿಟ್ಟು ಎದೇಲಿ ಕೂತಿದೆ ಅಷ್ಟೇ,” ಎಂದರು. ಅವಳು ಬಿಡಲಿಲ್ಲ. ಸುತ್ತಿ ಬಳಸಿ ಕೇಳಿ ಕೇಳಿ ಕೊನೆಗೆ ನಿಜ ಹೊರಬಂತು.

“ನನ್ನ ತಮ್ಮ ಚುಚ್ಚಿಸ್ಕೊಂಡನಮ್ಮಾ ಆ ಸೂಜಿ. ರೋಗ ಹೋಯ್ತು, ಎರಡು ಕಿವೀನೂ ಹೋಯ್ತು. ಹಿಂದಿನಿಂದ ಲಾರಿ ಬಂತು, ಸದ್ದು ಕೇಳಿಸ್ಲಿಲ್ಲ. ನಾನು ರಸ್ತೆಯ ಈ ಕಡೆಯಿಂದ ಕೂಗ್ತಾನೇ ಇದ್ದೆ.” ಅವರು ಅವಳನ್ನೇ ದಿಟ್ಟಿಸಿದರು. “ನೀನು ಒಂದೇ ಕಡೆ ಮುಖ ತಿರುಗಿಸಿ ಕೇಳಿಸ್ಕೋತೀಯಲ್ಲ. ನಿಂಗೂ ಹೋಗಿದೆ ಅಲ್ವಾ?”

“ಒಂದು ಹೋಗಿದೆ,” ಎಂದಳು.

“ನೋಡು ಮತ್ತೆ.”

ಅವಳು ಹೊಸ ಮಾತ್ರೆಯ ಬಗ್ಗೆ ಹೇಳಿದಳು. ಸೂಜಿ ಇಲ್ಲ, ಬರೀ ನುಂಗುವುದು ಎಂದಳು. ಮುದುಕರು ತಲೆಯಲ್ಲಾಡಿಸಿದರು. “ಹಾಗಂತ ಇವನಿಗೂ ಹೇಳಿದ್ರಿ. ಈಗ ಇವನಿಗೇ ಸೂಜಿ ಅಂತಿದ್ದೀರಿ. ಇವನಿಗೆ ಆ ಮಾತ್ರೆಯಿಂದಾನೇ ಪೂರ್ತಿ ವಾಸಿ ಆಗಿದೆ ಅಂತ ನೀನೇ ಬಂದು ನನ್ನ ಮುಖ ನೋಡಿ ಹೇಳು. ಆವತ್ತು ಬರ್ತೀನಿ. ಅಲ್ಲೀವರೆಗೆ ಬರಲ್ಲ.”

ಆಗಲೇ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕಡ್ಡಿ ವಾಸಿಯಾಗಿದ್ದಾನೆ ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೆ ಒಂದು ಸಲ ಕಣ್ಣಿಂದ ನೋಡದ್ದನ್ನು ನೋಡಿದ ಹಾಗೆ ಒಪ್ಪಿಸಿ ಇಷ್ಟು ದೂರ ಬಂದಾಗಿತ್ತು. ಇನ್ನೊಂದು ಸಲ ಅವಳ ಕೈಯಲ್ಲಾಗಲಿಲ್ಲ. ಮಾವ ಅಲ್ಲಿಯವರೆಗೆ ಭಟ್ಟಿಯ ಹತ್ತಿರ ಹೋಗಬಾರದು, ಹಿಂದಿನ ಅಂಗಳದಲ್ಲಿ ಬಯಲಿನಲ್ಲೇ ಇರಬೇಕು, ಮಾಸ್ಕ್ ತೆಗೆಯಬಾರದು ಎಂದು ಒಪ್ಪಿಸಿ ಎದ್ದಳು. ಬೇಕರಿಯವರನ್ನೆಲ್ಲ ಮರುದಿನವೇ ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಿಸಿದರು. ಪುಣ್ಯಕ್ಕೆ ಬೇರೆ ಯಾರಿಗೂ ಏನೂ ಇರಲಿಲ್ಲ.

ಡಾಕ್ಟರಮ್ಮ ಕಥೆ ಕೇಳಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು, ಆಮೇಲೆ ಗಂಭೀರವಾದರು. “ನಾನು ನಂಬ್ತೀನಿ ಅಕ್ಕಾ. ಸಮಿತಿಗೆ ಕಥೆ ಸಾಲದು, ಕಫ ಬೇಕು. ಅವನದೇ ಕಫ. ಈ ಸಲ ನಿಮ್ಮ ಕಣ್ಣೆದುರಿಗೆ, ನನ್ನ ಕಣ್ಣೆದುರಿಗೆ.”

ಹೀಗೆ ಕೆಮ್ಮಕ್ಕನ ಜೀವನದ ಅತಿ ದೊಡ್ಡ ಕೆಲಸ ಶುರುವಾಯಿತು: ಎದೆಯಲ್ಲಿ ಏನೂ ಇಲ್ಲದವನಿಂದ ಕಫ ತೆಗೆಯುವುದು. ಉಪ್ಪುನೀರಿನ ಆವಿ ಬಿಡುವ ಯಂತ್ರ ತಂದರು. ಕಡ್ಡಿ ಅದನ್ನು ಮೂತಿಗೆ ಹಿಡಿದು ಎಳೆದದ್ದೇ ಎಳೆದದ್ದು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಬಾಯಲ್ಲಿ ಎಂಜಲು. ಎದೆಯಿಂದ ಮಾತ್ರ ಏನೂ ಇಲ್ಲ. ಮರುದಿನ ಹಿತ್ತಲಲ್ಲಿ ಸುತ್ತು ಓಡಿಸಿದಳು. ಮಂಚದ ಒಂದು ಕಡೆಗೆ ಇಟ್ಟಿಗೆ ಇಟ್ಟು ತಲೆ ಕೆಳಗೆ ಮಾಡಿ ಮಲಗಿಸಿದಳು. ಅಂಗೈ ಬಟ್ಟಲು ಮಾಡಿಕೊಂಡು ಬೆನ್ನಿನ ಉದ್ದಕ್ಕೂ ತಟ್ಟಿದಳು. ಅವಳ ಕೈ ಸೋತಿತೇ ಹೊರತು ಕಡ್ಡಿಯ ಎದೆ ಜಗ್ಗಲಿಲ್ಲ. ಸಾಲಿನಲ್ಲಿದ್ದ ರೋಗಿಗಳು ತಮ್ಮ ಕಷ್ಟ ಮರೆತು ಇವನಿಗೆ ಉಪದೇಶ ಕೊಡತೊಡಗಿದರು. ಒಬ್ಬ, “ನಂದು ಸ್ವಲ್ಪ ಬೇಕಾದ್ರೆ...” ಎಂದು ಬಾಯಿ ತೆರೆದವನು ಕೆಮ್ಮಕ್ಕ ನೋಡಿದ ನೋಟಕ್ಕೆ ನಾಲಿಗೆ ಕಚ್ಚಿಕೊಂಡ.

ಅವಳಿಗೆ ಅಳು ಬರುವ ಹಾಗಾಗಿತ್ತು. ವಿಚಿತ್ರವೆಂದರೆ, ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು. ಆ ಎದೆಯನ್ನು ಅವಳು ಮೊದಲ ದಿನದಿಂದ ಬಲ್ಲಳು. ಒಡೆದ ಹಾರ್ಮೋನಿಯಂ ತರಹ ಸದ್ದು ಮಾಡುತ್ತಿದ್ದ ಎದೆ ಅದು. ಈಗ ಬೆನ್ನಿಗೆ ಕಿವಿಯಿಟ್ಟರೆ ಉಸಿರಲ್ಲದೆ ಬೇರೇನೂ ಕೇಳಿಸುತ್ತಿರಲಿಲ್ಲ.

ಆ ವಾರದ ಕೊನೆಗೆ ಭಟ್ಟಿ ಮಾವ ಬಂದರು. ಅಳಿಯನನ್ನು ಏನು ಮಾಡುತ್ತಿದ್ದಾರೆಂದು ನೋಡಲು ಬಂದವರು, ಮಾಸ್ಕ್ ಹಾಕಿಕೊಂಡು, ಗಾಳಿ ಹೋಗುವ ಕಡೆ ದೂರದ ಕಲ್ಲಿನ ಮೇಲೆ ಕೂತರು. ಆವಿ ಯಂತ್ರ ಬುಸುಗುಡುತ್ತಿತ್ತು. ಡಾಕ್ಟರಮ್ಮ ಒಂದು ಕಡೆ, ಕೆಮ್ಮಕ್ಕ ಒಂದು ಕಡೆ, ಸಾಲಿನವರೆಲ್ಲ ಸುತ್ತಲೂ. ಮುದುಕರಿಗೆ ತಡೆಯಲಾಗಲಿಲ್ಲ.

“ಲೋ, ನಾನು ಇಷ್ಟು ವರ್ಷದಿಂದ ಯಾರೂ ಕೇಳ್ದೇನೇ ಕೆಮ್ತಾ ಇದ್ದೀನಿ. ಕೆಮ್ಮಬೇಡ ಸುಮ್ನಿರು ಅಂತ ಊರವರಿಂದೆಲ್ಲಾ ಬೈಸ್ಕೊಂಡಿದ್ದೀನಿ. ನಿಂಗೆ ಡಾಕ್ಟ್ರು ಕೈ ಕಟ್ಟಿ ನಿಂತು ಕೆಮ್ಮಪ್ಪಾ ಕೆಮ್ಮಪ್ಪಾ ಅಂತ ಬೇಡ್ಕೋತಾ ಇದ್ದಾರೆ. ಒಂದು ಕೆಮ್ಮು ಕೆಮ್ಮೋ ಯೋಗ್ಯತೆ ಇಲ್ವೇನೋ ನಮ್ಮ ಮನೇಲಿ ಹುಟ್ಟಿ?”

ಮೊದಲು ನಕ್ಕವರು ಡಾಕ್ಟರಮ್ಮ. ಆಮೇಲೆ ಸಾಲಿನವರು. ಕಡ್ಡಿ ಆವಿ ಎಳೆಯುತ್ತಿದ್ದವನು ನಗು ತಡೆಯಲು ಹೋದ, ಆಗಲಿಲ್ಲ. ಹೊಟ್ಟೆ ಹಿಡಿದು ನಗತೊಡಗಿದ. ನಗು ಉಪ್ಪಿನ ಆವಿಯ ಜೊತೆ ಸಿಕ್ಕಿಕೊಂಡು ತಳದಿಂದ ಒಂದು ಕೆಮ್ಮು ಎದ್ದಿತು. ಕೆಮ್ಮಕ್ಕನ ಕೈ ಆಗಲೇ ಡಬ್ಬಿ ಹಿಡಿದು ಅವನ ಗಲ್ಲದ ಕೆಳಗಿತ್ತು.

“ಇನ್ನೊಂದು. ನಗ್ತಾನೇ ಇರು, ನಿಲ್ಲಿಸಬೇಡ. ಇನ್ನೊಂದು.”

ಬಂದದ್ದು ಕಡಲೆಕಾಳಿನಷ್ಟು. ಬೆಳ್ಳಗೆ, ಸ್ವಚ್ಛವಾಗಿ, ಆದರೆ ಕಫವೇ. ಅವಳು ಓರೆ ಮಾಡಿ ನೋಡಿದಳು, ಡಾಕ್ಟರಮ್ಮನಿಗೆ ತೋರಿಸಿದಳು, ಮುಚ್ಚಳ ತಿರುಪಿದಳು. ತಟ್ಟೆಯಲ್ಲಿ ಇಡಲು ಮನಸ್ಸಾಗದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಲ್ಯಾಬಿಗೆ ಹೋದಳು. ಆವತ್ತು ವರಾಂಡದಲ್ಲಿ ಎದುರಿಗೆ ಬಂದವರನ್ನು ದಾರಿ ಬಿಡಿ ಎಂದು ಅವಳು ಕೇಳಲೂ ಇಲ್ಲ.

ಆಮೇಲೆ ಕಾಯುವುದು. ಈ ಕ್ರಿಮಿ ಬಲು ಸೋಮಾರಿ. ಇದ್ದರೆ ಬೆಳೆದು ಕಾಣಿಸಿಕೊಳ್ಳಲು, ಇಲ್ಲದಿದ್ದರೆ ಇಲ್ಲವೆಂದು ಖಚಿತವಾಗಲು ವಾರಗಟ್ಟಲೆ ಬೇಕು. ಅವಳು ಕೆಲಸ ಮುಗಿದ ಮೇಲೆ ಬೇಕರಿಯ ಹಿಂದಿನ ಅಂಗಳಕ್ಕೆ ಹೋಗಿ ಸೌದೆಯ ಮೇಲೆ ಕೂರುತ್ತಿದ್ದಳು. ಮುದುಕರು, “ಏನಾಯ್ತು?” ಎನ್ನುತ್ತಿದ್ದರು. “ಇನ್ನೂ ಇಲ್ಲ,” ಎನ್ನುತ್ತಿದ್ದಳು. ದಿನದಿನಕ್ಕೂ ಅವರ ಕತ್ತಿನ ಎಲುಬು ಎದ್ದು ಕಾಣತೊಡಗಿತು. ಡಾಕ್ಟರಮ್ಮನೂ ಬಂದು, ಪರೀಕ್ಷೆಗಾದರೂ ಬನ್ನಿ ಎಂದು ಬೇಡಿಕೊಂಡು ಹೋದರು. ಮುದುಕರದು ಒಂದೇ ಪಟ್ಟು. ಮನೆಗೆ ಬಂದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

“ವಾಸಿಯಾಗಿದೆ ಅಂತ ನೀನೇ ಹೇಳ್ಬಿಡೇ,” ಎಂದ ಗಂಡ. ಅಂದು ಅವನು ಬಲಗಡೆಗೇ ಕೂತಿದ್ದ. “ಸುಳ್ಳೇನಲ್ಲವಲ್ಲ.”

“ನಿಜಾನೂ ಅಲ್ಲ ರೀ. ಇನ್ನೂ ಆಗಿಲ್ಲ.”

ಅವನು ಆಮೇಲೆ ಆ ಮಾತು ಎತ್ತಲಿಲ್ಲ. ತಾನು ಕತ್ತರಿಸುತ್ತಿದ್ದ ಬಟ್ಟೆ ಬದಿಗಿಟ್ಟು ಅವಳ ತಟ್ಟೆಗೆ ಇನ್ನಷ್ಟು ಬಡಿಸಿದ.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಕೋಣೆಗೆ ಕರೆಸಲಿಲ್ಲ, ತಾವೇ ಚಪ್ಪರಕ್ಕೆ ನಡೆದು ಬಂದರು. ಅವಳು ಯಾರಿಗೋ ಬಾಯಿ ಮುಕ್ಕಳಿಸಲು ಹೇಳುತ್ತಿದ್ದಳು.

“ಏನೂ ಬೆಳೆದಿಲ್ಲ ಅಕ್ಕಾ. ಒಂದೂ ಇಲ್ಲ. ಸಮಿತಿಯವರೂ ಒಪ್ಪಿದ್ದಾರೆ. ನಾಳೆಯಿಂದ ಹೊಸಬರನ್ನ ಸೇರಿಸ್ಕೋಬಹುದು.”

ಅವಳ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಅವಳು ಜನರ ಎದೆಯಿಂದ ಏನಾದರೂ ಬರಲಿ ಎಂದು ಬೆವರು ಸುರಿಸಿದವಳು. ಏನೂ ಇಲ್ಲ ಎನ್ನುವ ಮಾತು ಇಷ್ಟು ಸಿಹಿಯಾಗಿರುತ್ತದೆ ಎಂದು ತಿಳಿದಿರಲಿಲ್ಲ. ಆ ಮಾತ್ರೆಯನ್ನು ಕಂಡುಹಿಡಿದವರು ಅವಳಲ್ಲ. ಅವರ ಮುಖವನ್ನೂ ಅವಳು ನೋಡಿಲ್ಲ. ಆದರೆ ಅದು ಗೆದ್ದಿದೆ ಎಂದು ಪ್ರಪಂಚಕ್ಕೆ ಹೇಳುವ ಸಾಲುಗಳಲ್ಲಿ ಒಂದು ಸಾಲು ಅವಳು ಕೈಯಾರೆ ಹಿಡಿದು ತಂದದ್ದು. ಹೆಮ್ಮೆಯಾಯಿತು. ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿರಲಿಲ್ಲ.

ಏಪ್ರನ್ ಬಿಚ್ಚದೆ ಬೇಕರಿಗೆ ಹೋದಳು. ಬಸ್ ನಿಲ್ದಾಣದ ಜನ ತಿರುಗಿ ತಿರುಗಿ ನೋಡಿದರು. ಕಡ್ಡಿ ಹಿಟ್ಟಿನ ಕೈಯಲ್ಲೇ ಹಿಂದೆ ಓಡಿ ಬಂದ. ಅವಳು ಅವನ ಕಡೆ ನೋಡದೆ ನೆಟ್ಟಗೆ ಮುದುಕರ ಎದುರಿಗೆ ಹೋಗಿ ನಿಂತಳು.

“ಯಜಮಾನ್ರೇ, ನನ್ನ ಮುಖ ನೋಡಿ. ನಿಮ್ಮ ಹುಡುಗ ಪೂರ್ತಿ ವಾಸಿಯಾಗಿದ್ದಾನೆ. ಆ ಮಾತ್ರೆಯಿಂದಾನೇ. ನಾನೇ ನೋಡಿ ಹೇಳ್ತಾ ಇದ್ದೀನಿ.”

ಮುದುಕರು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕಡ್ಡಿಯ ಕಡೆ ಕೈ ಚಾಚಿ, “ಎಬ್ಬಿಸೋ,” ಎಂದರು.

ಪರೀಕ್ಷೆಗಳೆಲ್ಲ ಮುಗಿದು, ಅವರಿಗೆ ಮಾತ್ರೆ ಶುರು ಮಾಡಿದ ಬೆಳಿಗ್ಗೆ ಅವಳು ಬೇಕೆಂದೇ ವಾರ್ಡಿಗೆ ಹೋದಳು. ಅದು ಅವಳ ಕೆಲಸವಲ್ಲ. ನರ್ಸಿನ ಕೈಯಿಂದ ಕೇಳಿ ಇಸಿದುಕೊಂಡಳು. ಮಾವನ ಅಂಗೈಯ ಮೇಲೆ ಮಾತ್ರೆಗಳನ್ನು ಇಟ್ಟಳು. ವರ್ಷಗಟ್ಟಲೆ ಭಟ್ಟಿಯ ಬಾಗಿಲು ತೆರೆದು ಸುಟ್ಟು ಗಟ್ಟಿಯಾದ ಅಂಗೈ ಅದು. ಅವರು ಮಾತ್ರೆಗಳನ್ನು ಬೆರಳಿನಿಂದ ಹೊರಳಿಸಿ ನೋಡಿದರು.

“ಇಷ್ಟೇನಾ?”

“ಇಷ್ಟೇ.”

“ಸೂಜಿ?”

“ಇಲ್ಲ.”

“ಈಗ ಇಲ್ಲ ಅಂತೀರಿ. ಆಮೇಲೆ ಚುಚ್ತೀರಿ.”

“ಆಮೇಲೂ ಇಲ್ಲ ಯಜಮಾನ್ರೇ,” ಎಂದಳು ಕೆಮ್ಮಕ್ಕ. “ಆ ಸೂಜಿ ನನ್ನಂಥವರ ಕಾಲಕ್ಕೇ ಮುಗೀತು.”

ಮಾವ ಅವಳ ಮುಖವನ್ನು, ಆಮೇಲೆ ಅವಳ ಎಡಗಿವಿಯನ್ನು ನೋಡಿದರು. ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡು ನೀರಿಗೆ ಕೈ ಚಾಚಿದರು.